ಕಂದು ಹಲ್ಲಿಗೆ ಪೇಸ್ಟು ಏನು ಮಾಡೀತು?

ಕೋಲಾರ: ಕಿರಾಣಿ ಅಂಗಡಿಯವರಿಗೆ ಇದು ಹೊಸದಲ್ಲ. ‘ಹಲ್ಲು ಬೆಳ್ಳಗಾಗೋ ಪೇಸ್ಟು ಕೊಡಿ’ ಅಂತ ಗಿರಾಕಿ ಬರ್ತಾನೆ. ದುಬಾರಿ ಟ್ಯೂಬು ಒಯ್ತಾನೆ. ತಿಂಗಳಾದರೂ ಹಲ್ಲು ಹಾಗೇ ಕಂದು! ಆಮೇಲೆ ಬೈಗುಳವೆಲ್ಲ ಅಂಗಡಿಯವರಿಗೆ.

ತಪ್ಪು ಅಂಗಡಿಯವರದಲ್ಲ, ಪೇಸ್ಟಿನದೂ ಅಲ್ಲ. ಎಷ್ಟೋ ಮನೆಗಳಲ್ಲಿ ಅದು ಬೋರ್‌ವೆಲ್ ನೀರಿನದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ಹೆಚ್ಚಾದರೆ ಮಕ್ಕಳ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕೆಡುತ್ತದೆ. ಅದು ಮೇಲೆ ಮೆತ್ತಿದ ಕೊಳೆಯಲ್ಲ, ಹಲ್ಲಿನ ಜೊತೆಗೇ ಬಂದ ಕಲೆ. ಇದ್ದಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಸವೆಯೋದು ಹಲ್ಲು ಸ್ವಾಮಿ, ಕಲೆಯಲ್ಲ.

ಅಷ್ಟಕ್ಕೂ ಪೇಸ್ಟಿನೊಳಗೆ ಇರೋದೇನು? ಉಜ್ಜಲು ಸುಣ್ಣದ ಕಾರ್ಬೊನೇಟ್ ಅಥವಾ ಸಿಲಿಕಾ ಪುಡಿ, ಒಣಗದಿರಲು ಗ್ಲಿಸರಿನ್ ಇಲ್ಲವೇ ಸಾರ್ಬಿಟಾಲ್, ಅಂಟಿಗೆ ಗೋಂದಿನಂಥದ್ದು. ನೊರೆ ಬರಿಸೋದು ಸೋಡಿಯಂ ಲಾರಿಲ್ ಸಲ್ಫೇಟ್, ಶಾಂಪೂವಿನಲ್ಲೂ ಇದೇ. ಹಲ್ಲುಜ್ಜಿದ ಕೂಡಲೇ ಕಿತ್ತಳೆ ರಸ ಕಹಿಯಾಗೋದು ಇದರಿಂದಲೇ. ಇನ್ನು ಪೇಸ್ಟಿನ ಗುಣವೇ ವಿಚಿತ್ರ. ಒತ್ತಿದರೆ ಹರಿಯುತ್ತೆ, ಬ್ರಷ್ಷಿನ ಮೇಲೆ ಕೂತರೆ ಗಟ್ಟಿ. ಟ್ಯೂಬಿನ ಬುಡದ ಬಣ್ಣದ ಪಟ್ಟಿ ನೋಡಿ ‘ಇದು ಕೆಮಿಕಲ್ಲು, ಅದು ಆಯುರ್ವೇದ’ ಅನ್ನುವ ಪಂಡಿತರು ಬಸ್ಸಿನಲ್ಲಿ ಸಿಗ್ತಾರೆ. ನಂಬಬೇಡಿ. ಎಲ್ಲಿ ಕತ್ತರಿಸಬೇಕು ಅಂತ ಯಂತ್ರದ ಕಣ್ಣಿಗೆ ಹಾಕಿದ ಗುರುತು ಅದು, ಅಷ್ಟೇ.

ಪೇಸ್ಟಿನಲ್ಲೂ ಫ್ಲೋರೈಡ್ ಇರುತ್ತೆ, ಹುಳುಕು ತಡೆಯಲು. ಕಾನೂನಿನ ಮಿತಿ ಹತ್ತು ಲಕ್ಷ ಭಾಗಕ್ಕೆ 1000. ಅಂದರೆ 1 ಗ್ರಾಂ ಪೇಸ್ಟಿಗೆ 1 ಮಿಲಿಗ್ರಾಂ. ಎಷ್ಟಿದೆ ಅಂತ ಟ್ಯೂಬಿನ ಮೇಲೂ ಡಬ್ಬಿಯ ಮೇಲೂ ಬರೆದಿರಬೇಕು. ಜಾಹೀರಾತಿನವರು ಬ್ರಷ್ಷಿನ ಉದ್ದಕ್ಕೂ ಹಾವಿನಂತೆ ಸುತ್ತಿ ಹಾಕ್ತಾರಲ್ಲ, ಅಷ್ಟನ್ನೂ ಮಗು ಸಿಹಿ ಅಂತ ನುಂಗಿದರೆ? ಒಂದು ಲೀಟರು ನೀರಿನಲ್ಲಿರಬಹುದಾದ ಫ್ಲೋರೈಡ್ ಬೆಳಿಗ್ಗೆಯೇ ಹೊಟ್ಟೆಗೆ! 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 6ರವರೆಗೆ ಬಟಾಣಿಯಷ್ಟು ಸಾಕು. ಉಗಿಯೋದನ್ನೂ ಕಲಿಸಿ. ಟ್ಯೂಬು ಹೆಚ್ಚು ದಿನ ಬಾಳೋದು ಅಂಗಡಿಯವರಿಗೆ ರುಚಿಸಲಿಕ್ಕಿಲ್ಲ, ಏನು ಮಾಡೋದು!

ಪೇಸ್ಟಿನಿಂದ ಬೆಳ್ಳಿ ದೀಪ ಹೊಳೆಯೋದು ನಿಜ. ಬರೀ ಲೇಪದ ಸಾಮಾನಾದರೆ ಲೇಪವೇ ಹೋದೀತು. ಪ್ಲಾಸ್ಟಿಕ್ ಕನ್ನಡಕದ ಮೇಲೆ ಗೀರು ಬೀಳುತ್ತೆ.

ಹೋಟೆಲಿನ ಹುಡುಗರು ಕಾವಲಿ ತಗುಲಿದ ಕೈಗೆ ಪೇಸ್ಟು ಮೆತ್ತೋದು ಮಾತ್ರ ಶುದ್ಧ ತಪ್ಪು. ಪುದೀನಾ ಸತ್ವದಿಂದ ತಣ್ಣಗೆ ಅನಿಸುತ್ತೆ, ಒಳಗಿನ ಬಿಸಿ ಇಳಿಯೋದಿಲ್ಲ. ಡಾಕ್ಟರು ಅದನ್ನು ಕೆರೆದು ತೆಗೆದ ಮೇಲೇ ಗಾಯ ನೋಡಬೇಕು. ಹರಿಯುವ ನೀರಿನ ಕೆಳಗೆ 20 ನಿಮಿಷ ಕೈ ಹಿಡಿಯಿರಿ.

ಮತ್ತೆ ನೀರಿನ ಮಾತು. ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೀರು ಆವಿಯಾಗಿ ಇನ್ನೂ ಗಾಢವಾಗುತ್ತೆ. ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿ ತರುವ ಮನೆಯವರೂ ಅನ್ನ, ಸಾರಿಗೆ ಬೋರ್‌ವೆಲ್ ನೀರೇ ಹಾಕ್ತಾರೆ. ಆ ನೀರೂ ಹೋಗೋದು ಮಗುವಿನ ಹೊಟ್ಟೆಗೇ.