ಹಾರ ಹಾಕಿ ಕಳಿಸಿದ ಮೇಲೆ

ದೂರವಾಣಿನಗರ, ವಿಮಾನಪುರ, ಜಾಲಹಳ್ಳಿ. ಬೆಂಗಳೂರಿನ ಈ ಜಾಗಗಳಲ್ಲಿ ಕಾರ್ಖಾನೆಯೇ ಊರು ಕಟ್ಟಿತು. ಎಚ್‌ಎಎಲ್ 1940ರಲ್ಲಿ ಬಂತು, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ. ಇರಲು ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಕಾಯಿಲೆಗೆ ಆಸ್ಪತ್ರೆ, ಮಧ್ಯಾಹ್ನಕ್ಕೆ ಕ್ಯಾಂಟೀನು, ನವೆಂಬರಿಗೆ ರಾಜ್ಯೋತ್ಸವ, ಎಲ್ಲವೂ ಕಾರ್ಖಾನೆಯ ಸುತ್ತಲೇ ನಡೆಯುತ್ತಿತ್ತು. ನಿವೃತ್ತಿಯ ಸಂಜೆ ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಗೇಟು ದಾಟಿದವರಿಗೆ ಮಾರನೆಯ ಬೆಳಿಗ್ಗೆ ಇದೆಲ್ಲ ಒಂದೇ ಏಟಿಗೆ ಇಲ್ಲವಾಗುತ್ತದೆ. ಮೂವತ್ತು ವರ್ಷ ಪಕ್ಕದ ಮೆಷೀನಿನಲ್ಲಿ ದುಡಿದವನು ಈಗ ಯಾವ ಬಡಾವಣೆಯಲ್ಲಿದ್ದಾನೋ ಗೊತ್ತಿರುವುದಿಲ್ಲ. ನಿವೃತ್ತ ನೌಕರರ ಸಂಘಗಳು ಹುಟ್ಟಿದ್ದು ಈ ಕೊರತೆಯಿಂದ.

ನಾನು ಹತ್ತಿರದಿಂದ ನೋಡಿದ್ದು ಜಾಲಹಳ್ಳಿ ಕಡೆಯ ಒಂದು ಸಣ್ಣ ಸಂಘವನ್ನು. ಸದಸ್ಯರಲ್ಲಿ ಹೆಚ್ಚಿನವರು ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆಯವರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಆ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಹೆಣ್ಣುಮಕ್ಕಳು ಬಹಳ ಮಂದಿ ಇದ್ದರು. ಈಗ ಎಪ್ಪತ್ತು ದಾಟಿದ ಅವರು ತಿಂಗಳಿಗೊಂದು ಭಾನುವಾರ ದೇವಸ್ಥಾನದ ಪಕ್ಕದ ಹಾಲಿನಲ್ಲಿ ಮುಂದಿನ ಸಾಲು ಹಿಡಿದು ಕೂರುತ್ತಾರೆ. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸಿದ ಬೆರಳುಗಳು ಇಂದು ಸೂಜಿಗೆ ದಾರ ಪೋಣಿಸಲೂ ನಡುಗುತ್ತವೆ. ಆದರೂ ಕೆಲಸದ ಮಾತು ಬಂದರೆ ಹೆಬ್ಬೆರಳು, ತೋರುಬೆರಳು ತಾವಾಗಿ ಹತ್ತಿರ ಬಂದು ಚಿಮುಟ ಹಿಡಿದಂತೆ ನಿಲ್ಲುತ್ತವೆ. ಪರಿಚಯ ಹೇಳಿಕೊಳ್ಳುವುದು ಸೆಕ್ಷನ್ನು, ಶಿಫ್ಟು, ಟೋಕನ್ ನಂಬರಿನ ಮೂಲಕ. ಒಂದು ಕಾಲದ ಮ್ಯಾನೇಜರಿಗೆ ‘ಸಾರ್’ ಎನ್ನುವುದು ತಪ್ಪಿಲ್ಲ, ಆದರೆ ಉಪ್ಪಿಟ್ಟು ಕೇಸರಿಬಾತಿನ ಸಾಲಿನಲ್ಲಿ ಅವರೂ ಎಲ್ಲರ ಹಿಂದೆ ತಟ್ಟೆ ಹಿಡಿದು ನಿಲ್ಲುತ್ತಾರೆ.

ಸಂಘ ನೋಂದಾಯಿಸುವುದು ಕಷ್ಟದ ಕೆಲಸವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ಸಾಕು. ಬೈಲಾ, ಕಾರ್ಯಕಾರಿ ಸಮಿತಿ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಪರಿಶೋಧನೆಯಾದ ಲೆಕ್ಕಪತ್ರ, ಇಷ್ಟನ್ನು ಬಿಡದೆ ನಡೆಸಿಕೊಂಡು ಬರಬೇಕು. ಕಷ್ಟ ಬರುವುದು ವಂತಿಗೆಯಲ್ಲಿ. ಅನೇಕ ಸಂಘಗಳು ಸೇರುವಾಗಲೇ ಆಜೀವ ಸದಸ್ಯತ್ವದ ಹಣ ಪಡೆದು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿಯಲ್ಲಿ ಖರ್ಚು ನಿಭಾಯಿಸುತ್ತವೆ. ಖಜಾಂಚಿಗೆ ಇದರಿಂದ ನೆಮ್ಮದಿ, ನಿಜ. ಆದರೂ ನನ್ನ ಮತ ವಾರ್ಷಿಕ ವಂತಿಗೆಯ ಕಡೆಗೆ. ನೂರು ರೂಪಾಯಿಯಾದರೂ ಸರಿ, ಅದನ್ನು ಕೇಳುವ ನೆಪದಲ್ಲಿ ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಮನೆಗೆ ಯಾರಾದರೂ ಹೋಗಿ ಬರಲೇಬೇಕಾಗುತ್ತದೆ. ಮಗನ ಊರಿಗೆ ಹೋದವರು, ಹಾಸಿಗೆ ಹಿಡಿದವರು, ಕಿವಿ ಮಂದವಾಗಿ ಫೋನು ಎತ್ತುವುದನ್ನೇ ಬಿಟ್ಟವರು ಯಾರೆಂದು ಗೊತ್ತಾಗುವುದು ಆಗಲೇ.

ಹರಟೆ, ಪ್ರವಾಸ, ಸಹಸ್ರ ಚಂದ್ರ ದರ್ಶನದ ಸನ್ಮಾನ, ವರ್ಷದಲ್ಲಿ ತೀರಿಕೊಂಡವರಿಗೆ ಶ್ರದ್ಧಾಂಜಲಿ, ಇವು ಎಲ್ಲ ಸಂಘಗಳಲ್ಲೂ ಇರುವಂಥವೇ. ಸಂಘ ಗಟ್ಟಿಯೋ ಅಲ್ಲವೋ ತಿಳಿಯಬೇಕಾದರೆ ಜೀವಿತ ಪ್ರಮಾಣ ಪತ್ರದ ಕೆಲಸವನ್ನು ನೋಡಬೇಕು. ‘ನಾನು ಬದುಕಿದ್ದೇನೆ’ ಎಂದು ವರ್ಷಕ್ಕೊಮ್ಮೆ ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಕೇಂದ್ರ ಸರ್ಕಾರದ ನಿವೃತ್ತರಿಗೆ ನವೆಂಬರ್ ತಿಂಗಳು, ಎಂಬತ್ತು ತುಂಬಿದವರಿಗೆ ಅಕ್ಟೋಬರಿನಿಂದಲೇ ಅವಕಾಶ. ಭವಿಷ್ಯನಿಧಿ ಸಂಸ್ಥೆಯ 1995ರ ಯೋಜನೆಯಲ್ಲಿ ಪಿಂಚಣಿ ಪಡೆಯುವ ಕಾರ್ಖಾನೆ ನೌಕರರು ಯಾವಾಗ ಬೇಕಾದರೂ ಸಲ್ಲಿಸಬಹುದು, ಸಲ್ಲಿಸಿದ ದಿನದಿಂದ ಒಂದು ವರ್ಷ ನಡೆಯುತ್ತದೆ. ಇದು ಅನುಕೂಲವೇ. ಆದರೆ ಒಬ್ಬೊಬ್ಬರ ಗಡುವು ಒಂದೊಂದು ತಿಂಗಳಿಗೆ ಬೀಳುವುದರಿಂದ ಮರೆಯುವವರು ಹೆಚ್ಚು. ಜಾಲಹಳ್ಳಿಯ ಸಂಘದ ಕಾರ್ಯದರ್ಶಿ ಇದಕ್ಕೆಂದೇ ಉದ್ದನೆಯ ಲೆಡ್ಜರ್ ಇಟ್ಟಿದ್ದಾರೆ: ಹೆಸರು, ಟೋಕನ್ ನಂಬರ್, ಪಿಂಚಣಿ ಪಾವತಿ ಆದೇಶದ (ಪಿಪಿಓ) ಸಂಖ್ಯೆ, ಗಡುವಿನ ತಿಂಗಳು, ಮನೆಯಲ್ಲಿ ಫೋನು ಎತ್ತುವವರು ಯಾರು. ಗಡುವಿಗೆ ಹದಿನೈದು ದಿನ ಮುಂಚೆ ಅವರಿಂದ ಫೋನು ಬರುತ್ತದೆ.

2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಬಂದ ಮೇಲೆ ಬೆರಳಚ್ಚು ಒತ್ತಿ ಪ್ರಮಾಣ ಪತ್ರದ ಕೆಲಸ ಮುಗಿಸಬಹುದಾಯಿತು. ಲೇತ್, ಗ್ರೈಂಡಿಂಗ್ ಮೆಷೀನುಗಳಲ್ಲಿ ಆಯುಷ್ಯ ಸವೆಸಿದವರಿಗೆ ಅಲ್ಲೂ ತೊಡಕು. ಬೆರಳ ತುದಿಯ ಗೆರೆ ಸವೆದು ಯಂತ್ರ ಗುರುತು ಹಿಡಿಯುವುದಿಲ್ಲ. ಬೆರಳು ಒರೆಸಿ, ಮತ್ತೆ ಒತ್ತಿ, ಇನ್ನೊಂದು ಬೆರಳು ಇಟ್ಟು ನೋಡಿ, ಕೊನೆಗೆ ಸಪ್ಪೆ ಮುಖ ಮಾಡಿ ಎದ್ದುಬಂದವರು ಎಷ್ಟೋ ಮಂದಿ. 2021ರಲ್ಲಿ ಮುಖ ನೋಡಿ ಗುರುತಿಸುವ ವ್ಯವಸ್ಥೆ ಮೊಬೈಲಿಗೇ ಬಂದು ಅವರು ಉಸಿರಾಡುವಂತಾಯಿತು. ಅರವತ್ತೊಂದರ ಹೊಸ ನಿವೃತ್ತರು ಎಂಬತ್ತೆರಡರ ಹಿರಿಯರ ಮುಂದೆ ಫೋನು ಹಿಡಿದು ‘ಕಣ್ಣು ಮಿಟುಕಿಸಿ ಅಣ್ಣಾ’ ಎನ್ನುವುದನ್ನು ನೋಡಿದರೆ ಈ ಸಂಘಗಳು ಯಾಕೆ ಬೇಕೆಂದು ಯಾರಿಗೂ ವಿವರಿಸಬೇಕಿಲ್ಲ.

ಡಿಸೆಂಬರ್ 17ರಂದು ಪಿಂಚಣಿದಾರರ ದಿನಾಚರಣೆ. 1982ರ ಅದೇ ದಿನ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನಕಾರಾ ಪ್ರಕರಣದಲ್ಲಿ, ನಿವೃತ್ತಿಯ ತಾರೀಖು ನೋಡಿ ಪಿಂಚಣಿದಾರರನ್ನು ಎರಡು ಗುಂಪು ಮಾಡುವುದು ಸಲ್ಲದು, ಪಿಂಚಣಿ ಸರ್ಕಾರದ ಕೃಪೆಯಲ್ಲ, ದುಡಿದವರ ಹಕ್ಕು ಎಂಬ ತೀರ್ಪು ಕೊಟ್ಟಿತು. ಅರ್ಜಿ ಸಲ್ಲಿಸಿದವರಲ್ಲಿ ಒಬ್ಬರು ನಿವೃತ್ತ ಅಧಿಕಾರಿ. ಕಾರ್ಖಾನೆಯವರ ಪಾಲಿಗೆ ಆ ಹಕ್ಕಿನ ಹೋರಾಟ ಮುಗಿದಿಲ್ಲ. 1995ರ ಯೋಜನೆಯ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾದದ್ದು 2014ರಲ್ಲಿ. ಬಿಪಿ, ಶುಗರ್ ಮಾತ್ರೆಗೂ ಅದು ಸಾಲದು. ಸಭೆಯಲ್ಲಿ ಈ ಮಾತು ಬಂದಾಗ ದನಿ ಏರುತ್ತದೆ, ಏರಬೇಕಾದದ್ದೇ.

ಮುಚ್ಚಿಹೋದ ಕಾರ್ಖಾನೆಗಳ ಸಂಘಗಳಿಗೆ ಬೇರೆಯೇ ಚಿಂತೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ನಿಂತಿತು, ತುಮಕೂರಿನ ಗಡಿಯಾರ ಕಾರ್ಖಾನೆ 2016ರಲ್ಲಿ. ಬಿಇಎಲ್, ಎಚ್‌ಎಎಲ್‌ನವರ ಸಂಘಕ್ಕೆ ಪ್ರತಿ ತಿಂಗಳ ಕೊನೆಯಲ್ಲೂ ಹೊಸ ನಿವೃತ್ತರು ಸಿಗುತ್ತಾರೆ. ಮುಚ್ಚಿದ ಕಾರ್ಖಾನೆಗಳ ಸಂಘಗಳಿಗೆ ಇನ್ನು ಮುಂದೆ ಯಾರೂ ಬರುವವರಿಲ್ಲ. ಆದ್ದರಿಂದ ಸ್ವಯಂ ನಿವೃತ್ತಿ ಪಡೆದು ಬೇಗ ಹೊರಬಂದವರನ್ನು, ಗುತ್ತಿಗೆಯಲ್ಲಿ ದುಡಿದವರನ್ನು, ಕ್ಯಾಂಟೀನಿನಲ್ಲಿ ಬಡಿಸಿದವರನ್ನು ಹುಡುಕಿ ಸೇರಿಸಿಕೊಳ್ಳಬೇಕು. ಕೆಲವರು ‘ಅವರು ಪರ್ಮನೆಂಟ್ ಅಲ್ಲವಲ್ಲ’ ಎಂದು ಗೊಣಗುತ್ತಾರೆ. ಅದೇ ಕ್ಯಾಂಟೀನಿನ ಊಟ ಉಂಡವರು ಆಡುವ ಮಾತಲ್ಲ ಅದು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಹೆಂಡತಿಯರ ವಿಷಯ. ಸದಸ್ಯರು ತೀರಿಕೊಂಡ ದಿನ ಸಂಘದಿಂದ ಹಾರ ಬರುತ್ತದೆ, ಮುಂದಿನ ಸಭೆಯಲ್ಲಿ ಎರಡು ನಿಮಿಷ ಮೌನ, ಆಮೇಲೆ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೆರೆ. ಅದರೊಂದಿಗೆ ಆ ಮನೆಯ ಫೋನ್ ನಂಬರೂ ಹೋಗುತ್ತದೆ. ಸಂಘದ ಕೆಲಸ ಶುರುವಾಗಬೇಕಾದದ್ದು ಆ ದಿನದಿಂದ. 1995ರ ಯೋಜನೆಯಲ್ಲಿ ಗಂಡನ ಪಿಂಚಣಿಯ ಅರ್ಧದಷ್ಟು ಹೆಂಡತಿಗೆ ಬರಬೇಕು. ಅದಕ್ಕೆ ಮರಣ ಪ್ರಮಾಣ ಪತ್ರ, ಪಿಪಿಓ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಿ ಎಂದಿದ್ದರೆ ತಿಂಗಳುಗಟ್ಟಲೆ ಅಲೆದಾಟ. ಗಂಡ ಇರುವಾಗಲೇ ಕಾಗದ ಸರಿಮಾಡಿಸಿದ ಮನೆಗಳಲ್ಲಿ ಈ ಪಾಡಿಲ್ಲ. ಹೊಸದಾಗಿ ಸಂಘ ಕಟ್ಟುವವರು ಬೈಲಾ ಬರೆಯುವಾಗಲೇ ಸದಸ್ಯರ ಪತಿ ಅಥವಾ ಪತ್ನಿಯೂ ಸದಸ್ಯರೇ, ಒಬ್ಬರು ಹೋದ ಮೇಲೆ ಇನ್ನೊಬ್ಬರ ಸದಸ್ಯತ್ವ ವಂತಿಗೆಯಿಲ್ಲದೆ ಮುಂದುವರಿಯುತ್ತದೆ ಎಂದು ಸೇರಿಸಿಕೊಳ್ಳಲಿ. ಹಳೆಯ ಸಂಘಗಳು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ತರಬಹುದು.