ನೆಲದ ಸುಟ್ಟ ಗುರುತು ಪೆಟ್ರೋಲ್ ಸುರಿದಿದ್ದಕ್ಕೆ ಸಾಕ್ಷಿಯೇ?

ಬೆಂಕಿ ಬಿದ್ದ ಮನೆಯ ನೆಲದಲ್ಲಿ ನೀರು ಚೆಲ್ಲಿದಂತೆ ಹರಡಿದ ಕಪ್ಪು ಗುರುತು ಕಂಡರೆ ಯಾರೋ ಪೆಟ್ರೋಲ್ ಸುರಿದಿದ್ದಾರೆ ಎನ್ನುವುದು ಹಳೆಯ ನಂಬಿಕೆ. ಆದರೆ ಚಾವಣಿಯಡಿ ಸೇರಿದ ಬಿಸಿ ಹೊಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಡೀ ಕೋಣೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಈ ‘ಫ್ಲ್ಯಾಶ್‌ಓವರ್’ ಆದಮೇಲೆ ಪೆಟ್ರೋಲ್ ಇಲ್ಲದೆಯೂ ಅಂಥದೇ ಗುರುತು ಮೂಡಬಹುದು.

ಅಮೆರಿಕದ ಟೆಕ್ಸಾಸ್‌ನಲ್ಲಿ 1991ರಲ್ಲಿ ಮನೆಗೆ ಬೆಂಕಿ ಬಿದ್ದು ಮೂವರು ಮಕ್ಕಳು ಸತ್ತರು. ತಂದೆ ಕ್ಯಾಮೆರಾನ್ ಟಾಡ್ ವಿಲ್ಲಿಂಗ್‌ಹ್ಯಾಮ್ ವಿರುದ್ಧ ಇಂಥ ಗುರುತುಗಳೂ ಸಾಕ್ಷ್ಯವಾದವು; 2004ರಲ್ಲಿ ಮರಣದಂಡನೆಯಾಯಿತು. ಬೆಂಕಿ ಹಚ್ಚಲಾಗಿದೆ ಎಂಬ ತೀರ್ಮಾನಕ್ಕೆ ವೈಜ್ಞಾನಿಕ ಆಧಾರವಿರಲಿಲ್ಲ ಎಂದು ದಾಖಲೆ ಮರುಪರಿಶೀಲಿಸಿದ ಅಗ್ನಿತಜ್ಞರು ಹೇಳಿದ್ದಾರೆ.

ಆದ್ದರಿಂದ ಏನನ್ನೂ ಕದಲಿಸುವ ಮೊದಲು ಅಳತೆಪಟ್ಟಿ ಇಟ್ಟು, ದೂರದಿಂದಲೂ ಹತ್ತಿರದಿಂದಲೂ ಫೋಟೊ ತೆಗೆಯಬೇಕು. ಆಗ ಬೇರೆಯವರೂ ಮರುಪರಿಶೀಲಿಸಬಹುದು. ಪೆಟ್ರೋಲ್ ಇತ್ತೇ ಎಂದು ತಿಳಿಯಲು, ಆವಿ ಹಾರಿಹೋಗದಂತೆ ಸುಟ್ಟ ತುಣುಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕು.