ಬೆಂಗಳೂರು ಯಾರ ಊರು?

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನಿಗೆ ಮದುವೆಯಾದ ಹೊಸತು. ಆಫೀಸಿಗೆ ಹತ್ತಿರವಾಗಲೆಂದು ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಮನೆ ಹುಡುಕತೊಡಗಿದ. ಮನೆ ನೋಡಿದ್ದಾಯಿತು, ಬಾಡಿಗೆ ಮಾತಾಡಿದ್ದಾಯಿತು, ಅಡ್ವಾನ್ಸ್ ಕೊಡುವ ದಿನವೂ ಗೊತ್ತಾಯಿತು. ಕೊನೆಗೆ ಮನೆಯವರು ಹೆಸರು ಕೇಳಿದರು. ಹೇಳಿದ. "ಮನೆಗೆ ಬೇರೆಯವರು ಬರ್ತಿದ್ದಾರೆ, ನಿನ್ನೆಯೇ ಮಾತಾಗಿತ್ತು" ಎಂಬ ಉತ್ತರ ಬಂತು. ಹೀಗೆ ಒಂದಲ್ಲ, ಮೂರು ಕಡೆ. ಅಂದು ರಾತ್ರಿ ತಂಗಿ ಫೋನಿನಲ್ಲಿ ಅತ್ತದ್ದು ನನಗೆ ಇನ್ನೂ ನೆನಪಿದೆ.

ವರ್ಷ ಕಳೆಯುವುದರೊಳಗೆ ತಂಗಿಯ ಮನೆಯ ಮಹಡಿ ಖಾಲಿಯಾಯಿತು. ಕೇಳಿಕೊಂಡು ಬಂದವರು ಇಬ್ಬರು ಹುಡುಗಿಯರು. ಮಣಿಪುರದವರು, ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್‌ಗಳು. ಆಗ ನಾನೂ ಅಲ್ಲಿದ್ದೆ. ತಂಗಿ ಒಳಗೆ ಬಂದು "ಏನು ಹೇಳಲಿ?" ಎಂದು ಕೇಳಿದಳು. "ಅವರ ಊಟ ಬೇರೆ, ರೀತಿ ಬೇರೆ. ಯಾವ ಜನವೋ ಏನೋ. ಬೇಡ ಅಂದುಬಿಡು" ಎಂದೆ. ಹೌದು ಸಹೋದರಿಯರೇ, ಇದನ್ನು ಹೇಳಿದವಳು ನಾನೇ. ತಂಗಿ ಹೊರಗೆ ಹೋಗಿ, "ಮನೆಗೆ ಬೇರೆಯವರು ಬರ್ತಿದ್ದಾರಮ್ಮ" ಎಂದಳು.

ಆ ಹುಡುಗಿಯರು ಗೇಟು ದಾಟಿದ ಮೇಲೆ, ಹತ್ತನೇ ತರಗತಿಯಲ್ಲಿ ಓದುವ ತಂಗಿಯ ಮಗಳು ಕೇಳಿದಳು: "ಖಾಲಾ, ಭಾಯಿಜಾನ್‌ಗೂ ಇದನ್ನೇ ಹೇಳಿದ್ರಲ್ವಾ?"

ನನ್ನಲ್ಲಿ ಉತ್ತರವಿರಲಿಲ್ಲ. ಈ ಊರಿನಲ್ಲಿ ಒಳಗಿನವರು ಯಾರು, ಹೊರಗಿನವರು ಯಾರು ಎಂದು ತಿಳಿಯುವ ಮನಸ್ಸಾಯಿತು. ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬಂದವರು ಕಟ್ಟಿದ ಊರು

ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದಾಗಲೇ ಬೇರೆ ಬೇರೆ ಕಸುಬಿನವರು ಬಂದು ನೆಲೆಸಿದರು. ಅರಳೇಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಊರಿಗೆ ಹೂವು ತರಕಾರಿ ಬೆಳೆದು ಕೊಟ್ಟ ತಿಗಳರಿಗೆ ತಮಿಳಿನ ನಂಟಿದೆ. ಅವರ ಕರಗದ ಮೆರವಣಿಗೆ ಇಂದಿಗೂ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ.

1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ. ಊರು ಶಹಾಜಿಯ ಜಹಗೀರಾಯಿತು. ಅವರ ಜೊತೆ ಮರಾಠಿ ಮಾತಾಡುವವರೂ ದಖ್ಖನಿ ಮಾತಾಡುವವರೂ ಬಂದರು. ಅನಂತರ ಮೊಗಲರು, ಮೈಸೂರು ಒಡೆಯರು, ಹೈದರಲಿ, ಟಿಪ್ಪು ಸುಲ್ತಾನ್. ಒಂದೊಂದು ಆಳ್ವಿಕೆಯೂ ಒಂದಷ್ಟು ಹೊಸ ಜನರನ್ನು ತಂದಿತು.

1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಸ್ಥಾಪಿಸಿದರು. ಸಿಪಾಯಿಗಳು, ಗುತ್ತಿಗೆದಾರರು, ಅಡುಗೆಯವರು, ದೋಬಿಗಳು, ವ್ಯಾಪಾರಿಗಳು ಹೆಚ್ಚಾಗಿ ಮದರಾಸಿನ ಕಡೆಯಿಂದ ಬಂದರು. ಹಲಸೂರು, ಶಿವಾಜಿನಗರದ ಸುತ್ತ ಇಂದಿಗೂ ತಮಿಳು ಹೆಚ್ಚಾಗಿ ಕೇಳಿಸುವುದಕ್ಕೆ ಇದೇ ಕಾರಣ. ಪೇಟೆ ಮತ್ತು ದಂಡು ಬಹುಕಾಲ ಎರಡು ಬೇರೆ ಊರುಗಳಂತಿದ್ದವು. 1949ರಲ್ಲಿ ಅವನ್ನು ಸೇರಿಸಿ ಒಂದೇ ನಗರಪಾಲಿಕೆ ಮಾಡಲಾಯಿತು.

ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆಂದು ಬಂದ ಆಗಾ ಅಲಿ ಅಸ್ಕರ್ ಇಲ್ಲಿಯೇ ನೆಲೆಸಿ, ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಅವರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಕಚ್ಛಿ ಮೆಮನ್ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರನ್ನು ಶಿವಾಜಿನಗರದ ಗೋಷಾ ಆಸ್ಪತ್ರೆ ಹೊತ್ತಿದೆ. ಗೋಷಾ ಎಂದರೆ ಪರದೆ. ಪರದೆಯ ಮಹಿಳೆಯರಿಗೆಂದು ಆರಂಭವಾದ ಆ ಆಸ್ಪತ್ರೆಯಲ್ಲಿ ಇಂದು ಎಲ್ಲ ಜಾತಿ ಧರ್ಮಗಳ ತಾಯಂದಿರ ಹೆರಿಗೆಯಾಗುತ್ತದೆ. ಇವರೆಲ್ಲ ಒಂದು ಕಾಲದಲ್ಲಿ 'ಹೊರಗಿನವರೇ' ಆಗಿದ್ದರು.

ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು 1940 ಮತ್ತು 50ರ ದಶಕಗಳಲ್ಲಿ ಬಂದಾಗ ಕೇರಳ, ತಮಿಳುನಾಡು, ಆಂಧ್ರಗಳಿಂದ ಕಾರ್ಮಿಕರು ಬಂದರು. 1990ರ ನಂತರ ಸಾಫ್ಟ್‌ವೇರ್ ಕಂಪೆನಿಗಳು ದೇಶದ ಎಲ್ಲೆಡೆಯಿಂದ ವಿದ್ಯಾವಂತರನ್ನು ಕರೆತಂದವು. ಅವರು ಕೂರುವ ಕಟ್ಟಡಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿಗಳಿಂದಲೂ ಬಿಹಾರ, ಒಡಿಶಾ, ಬಂಗಾಳಗಳಿಂದಲೂ ಕೂಲಿಕಾರರು ಬಂದರು. ನೀಲಿ ಪ್ಲಾಸ್ಟಿಕ್ ಹೊದಿಸಿದ ಅವರ ಗುಡಿಸಲುಗಳನ್ನು ನೀವೂ ನೋಡಿರುತ್ತೀರಿ.

ಲೆಕ್ಕ ಹೇಳುವುದೇನು?

2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷ. 2011ರಲ್ಲಿ ಅದು 96 ಲಕ್ಷ. ಹತ್ತೇ ವರ್ಷಗಳಲ್ಲಿ ನೂರಕ್ಕೆ 47ರಷ್ಟು ಏರಿಕೆ. 2021ರ ಗಣತಿ ನಡೆಯಲಿಲ್ಲವಾದರೂ ಊರು ಒಂದು ಕೋಟಿ ದಾಟಿದೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ.

2011ರ ಲೆಕ್ಕದಂತೆ ಕನ್ನಡ ಮನೆಮಾತಿನವರು ಜಿಲ್ಲೆಯಲ್ಲಿ ಅರ್ಧಕ್ಕಿಂತ ಕಡಿಮೆ. ಆದರೂ ಅವರದೇ ಅತಿ ದೊಡ್ಡ ಗುಂಪು. ತಮಿಳು ಮತ್ತು ತೆಲುಗಿನವರು ತಲಾ ಏಳರಲ್ಲಿ ಒಬ್ಬರಷ್ಟು, ಉರ್ದುವಿನವರು ಎಂಟರಲ್ಲಿ ಒಬ್ಬರಷ್ಟು. ಹಿಂದಿ, ಮಲಯಾಳಂ, ಮರಾಠಿ ಮುಂತಾದವು ಅನಂತರ ಬರುತ್ತವೆ. ಬೆಂಗಳೂರಿಗೆ ವಲಸೆ ಬಂದವರೆಂದರೆ ಪರರಾಜ್ಯದವರು ಮಾತ್ರ ಎಂದು ಭಾವಿಸಬೇಡಿ. ಅವರಲ್ಲಿ ದೊಡ್ಡ ಪಾಲು ನಮ್ಮದೇ ರಾಜ್ಯದ ಬೇರೆ ಜಿಲ್ಲೆಗಳವರದು.

ಊರಿನ ಜನರಲ್ಲಿ ಮುಸ್ಲಿಮರು ನೂರಕ್ಕೆ ಸುಮಾರು 13. ಹೊರಗಿನವರ ಕಣ್ಣಿಗೆ ನಾವು ಒಂದೇ ಜನ. ಆದರೆ ಶುಕ್ರವಾರ ಒಂದೇ ಸಫ್‌ನಲ್ಲಿ ನಿಂತವರ ಮನೆಮಾತು ದಖ್ಖನಿ ಉರ್ದು, ತಮಿಳು, ಮಲಯಾಳಂ, ಬ್ಯಾರಿ, ನವಾಯತಿ, ಕಚ್ಛಿ, ಬಂಗಾಳಿ ಹೀಗೆ ಏನೂ ಆಗಿರಬಹುದು. ನಮ್ಮೊಳಗೂ "ಅವರು ನಮ್ಮವರಲ್ಲ" ಎನ್ನುವ ಮಾತಿಲ್ಲವೇ? ಸಂಬಂಧ ಕೇಳಿ ಬಂದಾಗ ಮೊದಲು ಹೊರಡುವ ಪ್ರಶ್ನೆ ಯಾವುದೆಂದು ನಿಮಗೇ ಗೊತ್ತು.

ಒಂದು ವದಂತಿಯ ಬೆಲೆ

ಇಷ್ಟೊಂದು ಬಗೆಯ ಜನ ಒಟ್ಟಿಗೆ ಬದುಕುವುದು ಸುಲಭವಲ್ಲ. 1991ರ ಡಿಸೆಂಬರ್‌ನಲ್ಲಿ ಕಾವೇರಿ ವಿವಾದದ ಹೆಸರಿನಲ್ಲಿ ತಮಿಳರ ಮೇಲೆ ದಾಳಿಯಾಯಿತು. 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ ಉರ್ದು ವಾರ್ತೆಯನ್ನು ನೆಪವಾಗಿಸಿಕೊಂಡು ನಡೆದ ಗಲಭೆಯಲ್ಲಿ ಜೀವಗಳು ಹೋದವು. 2016ರ ಜನವರಿಯಲ್ಲಿ ಸುಡಾನ್‌ನ ಯುವಕನ ಕಾರು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡಾಗ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಅವಳ ತಪ್ಪು ಚರ್ಮದ ಬಣ್ಣ ಒಂದೇ.

2012ರ ಆಗಸ್ಟ್ ತಿಂಗಳನ್ನಂತೂ ನಾವು ಮರೆಯಲೇಬಾರದು. ಅಸ್ಸಾಮಿನಲ್ಲಿ ಬೋಡೊಗಳು ಮತ್ತು ಮುಸ್ಲಿಮರ ನಡುವೆ ಹಿಂಸಾಚಾರವಾಗಿತ್ತು. ಅದು ರಮಝಾನ್ ತಿಂಗಳು. ಹಬ್ಬ ಮುಗಿದ ಮೇಲೆ ಮುಸ್ಲಿಮರು ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ ಎಂಬ ಸುಳ್ಳು, ಮೊಬೈಲ್ ಸಂದೇಶಗಳಲ್ಲಿ ಹರಡಿತು. ಸಾವಿರಾರು ಯುವಕ ಯುವತಿಯರು ಕೈಗೆ ಸಿಕ್ಕ ಚೀಲ ಹಿಡಿದು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಟ್ಟೊಟ್ಟಿಗೆ ಸಂದೇಶ ಕಳುಹಿಸುವುದಕ್ಕೆ ಸರಕಾರ ಕಡಿವಾಣ ಹಾಕಿತು. ಮುಸ್ಲಿಮ್ ಮುಖಂಡರು ಮುಂದೆ ಬಂದು "ಹೆದರಬೇಡಿ, ಇದು ನಿಮ್ಮ ಊರೂ ಹೌದು" ಎಂದು ಧೈರ್ಯ ಹೇಳಿದರು. ಹೋದವರಲ್ಲಿ ಅನೇಕರು ಮರಳಿ ಬಂದರು.

ಒಮ್ಮೆ ಯೋಚಿಸಿ. ಆ ಸುಳ್ಳನ್ನು ಅಷ್ಟು ಜನ ಯಾಕೆ ನಂಬಿದರು? ಅವರಿಗೆ ನಮ್ಮ ಪರಿಚಯವೇ ಇರಲಿಲ್ಲ. ನಮ್ಮ ಮನೆಯ ಮಹಡಿಯಲ್ಲಿ ಇದ್ದವರು, ನಮ್ಮ ಇಫ್ತಾರಿನ ಗಂಜಿ ಕುಡಿದವರು ಆ ಸಂದೇಶ ಓದಿದ್ದರೆ ಮೊದಲು ನಮ್ಮ ಬಾಗಿಲು ತಟ್ಟಿ ವಿಚಾರಿಸುತ್ತಿದ್ದರಲ್ಲವೇ? ನಾವೋ ಬಾಗಿಲು ಮುಚ್ಚಿಕೊಂಡಿದ್ದೆವು.

ಮದೀನಾದ ಪಾಠ

ಬೆಳೆಯುತ್ತಿರುವ ಊರಿನ ಕಷ್ಟ ಮದೀನಾಕ್ಕೂ ಇತ್ತು. ಔಸ್, ಖಝ್‌ರಜ್ ಗೋತ್ರಗಳ ಹಳೆಯ ಹಗೆ, ಯಹೂದಿ ಗೋತ್ರಗಳು, ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರರು. ಅಬಿಸೀನಿಯ ಮೂಲದ ಬಿಲಾಲ್(ರ), ಪರ್ಷಿಯಾದ ಸಲ್ಮಾನ್(ರ), ರೋಮನರ ನಾಡಿನಲ್ಲಿ ಬೆಳೆದ ಸುಹೈಬ್(ರ) ಅಲ್ಲಿದ್ದರು. ಪ್ರವಾದಿ(ಸ) ಒಬ್ಬೊಬ್ಬ ಮುಹಾಜಿರನನ್ನು ಒಬ್ಬೊಬ್ಬ ಅನ್ಸಾರಿಗೆ ಸಹೋದರನನ್ನಾಗಿ ಮಾಡಿದರು. ಊರಿನವರು ತಮ್ಮ ಮನೆಯಲ್ಲೇ ಅವರಿಗೆ ಜಾಗ ಕೊಟ್ಟರು.

ಅಂತಹ ಊರಿನಲ್ಲೂ ಒಮ್ಮೆ ಅಬೂದರ್ರ್(ರ) ಸಿಟ್ಟಿನ ಭರದಲ್ಲಿ ಒಬ್ಬರನ್ನು ಅವರ ತಾಯಿಯ ಮೂಲ ಹಿಡಿದು ಹೀಯಾಳಿಸಿದರು. ಪ್ರವಾದಿ(ಸ) ಅವರನ್ನು ತಿದ್ದಿ, ಅವರೊಳಗೆ ಅಜ್ಞಾನಕಾಲದ ಅಂಶ ಇನ್ನೂ ಉಳಿದಿದೆ ಎಂದರು. ಈ ಹದೀಸನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ಮಹಡಿ ಕೇಳಿ ಬಂದ ಹುಡುಗಿಯರ ಮುಂದೆ ಅದು ನನಗೆ ನೆನಪಾಗಲಿಲ್ಲ.

ಮನೆಯಿಂದಲೇ ಆರಂಭ

ಮಕ್ಕಳು ಜನರನ್ನು ವಿಂಗಡಿಸಲು ಕಲಿಯುವುದು ಶಾಲೆಯಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ. ಈಶಾನ್ಯದ ಹುಡುಗಿಯನ್ನು ಕಂಡು "ಚೀನಾದವಳು" ಎನ್ನುವುದು, ಬಿಹಾರದ ಕೂಲಿಯವನನ್ನು ಕಂಡು "ಇವರಿಂದಲೇ ಊರು ಹಾಳಾಯಿತು" ಎನ್ನುವುದು, ಉತ್ತರ ಕರ್ನಾಟಕದವರ ಕನ್ನಡವನ್ನು ಅಣಕಿಸುವುದು ಎಲ್ಲವನ್ನೂ ಅವು ನಮ್ಮ ಬಾಯಿಂದಲೇ ಕೇಳುತ್ತವೆ.

ಊರಿನವರ ನೋವನ್ನೂ ನಾವು ಅರಿಯಬೇಕು. ಬಾಡಿಗೆ ಏರಿದೆ, ನೀರಿಗೆ ಕಷ್ಟವಿದೆ. ಹುಟ್ಟಿದ ಊರಿನ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಉತ್ತರ ಸಿಗದಿದ್ದಾಗ ಯಾರಿಗೂ ಬೇಸರವಾಗುತ್ತದೆ. ಬಂದವರು ಕನ್ನಡ ಕಲಿಯಬೇಕು. ಕಲಿಸುವ ತಾಳ್ಮೆ ನಮಗಿರಬೇಕು. ತಲೆಮಾರುಗಳಿಂದ ಇಲ್ಲೇ ಇದ್ದೂ ಕನ್ನಡ ಓದಲು ಬಾರದ ಮಕ್ಕಳು ನಮ್ಮ ಉರ್ದು ಮನೆಗಳಲ್ಲೂ ಇದ್ದಾರೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಪಕ್ಕದ ಮನೆಗೆ ಹೊಸಬರು ಬಂದರೆ ಒಂದು ತಟ್ಟೆ ಶೀರ್‌ಕುರ್ಮಾ ಕೊಟ್ಟು ನೋಡಿ. ಹೆಸರು ಕೇಳಿ, ಸರಿಯಾಗಿ ಉಚ್ಚರಿಸಲು ಕಲಿಯಿರಿ. ಬಾಡಿಗೆಗೆ ಕೊಡುವಾಗ ಕೆಲಸ ಏನು, ನಡತೆ ಹೇಗೆ ಎಂದು ವಿಚಾರಿಸಿ. ಅದು ನಿಮ್ಮ ಹಕ್ಕು. ಮುಖ ನೋಡಿ, ಹೆಸರು ಕೇಳಿ ಬೇಡವೆನ್ನುವುದು ಹಕ್ಕಲ್ಲ. ನಮಗೆ ಬಾಗಿಲು ಮುಚ್ಚಿದವರ ಬಗ್ಗೆ ದೂರು ಹೇಳುವ ಮೊದಲು ನಮ್ಮ ಬಾಗಿಲನ್ನು ನೋಡಿಕೊಳ್ಳೋಣ.

ಮರುದಿನ ತಂಗಿ ಆ ಆಸ್ಪತ್ರೆಗೆ ಹೋಗಿ ವಿಚಾರಿಸಿದಳು. ಹೆಸರು ಕೇಳಿರಲಿಲ್ಲವಾದ್ದರಿಂದ ಯಾರನ್ನು ಹುಡುಕುವುದೆಂದು ತಿಳಿಯದೆ ಮರಳಿದಳು. ಈಗ ಮಹಡಿಯಲ್ಲಿ ಒಡಿಶಾದ ಒಂದು ಸಂಸಾರವಿದೆ. ಅವರ ಮಗುವಿಗೆ ತಂಗಿಯ ಮಗಳು ಸಂಜೆ ಹೊತ್ತು ಕನ್ನಡ ಅಕ್ಷರ ತಿದ್ದಿಸುತ್ತಾಳೆ. ಆ ಇಬ್ಬರು ಹುಡುಗಿಯರಿಗೆ ಎಲ್ಲಿ ಮನೆ ಸಿಕ್ಕಿತೋ ಅಲ್ಲಾಹನೇ ಬಲ್ಲ.